ಫೈಟರ್ ಮೀನು ಪದೇ ಪದೇ ಸಾಯ್ತಿದ್ಯಾ? ಟ್ಯಾಂಕ್, ನೀರು, ಊಟ: ಯಾವ ಕೆಲಸ ಮೊದಲು, ಯಾವುದು ಆಮೇಲೆ

"ದಿನಾ ಎರಡು ಹೊತ್ತು ತಪ್ಪದೆ ಊಟ ಹಾಕ್ತೀವಿ, ವಾರ ವಾರ ಬೌಲ್ ತಿಕ್ಕಿ ತೊಳೆದು ಹೊಸ ನೀರು ತುಂಬ್ತೀವಿ, ಆದ್ರೂ ಒಂದು ತಿಂಗಳು ಬಾಳ್ಲಿಲ್ಲ." ಬೆಟ್ಟಾ ಅಂದ್ರೆ ನಮ್ಮ ಕಡೆ ಎಲ್ರೂ ಫೈಟರ್ ಅಂತ ಕರೆಯೋ ಮೀನನ್ನ ತಂದು ಕಳ್ಕೊಂಡವರು ಹೇಳೋದು ಹೆಚ್ಚುಕಮ್ಮಿ ಇದೇ ಮಾತು. ಮೀನು ಯಾಕೆ ಸತ್ತಿತು ಅನ್ನೋದಕ್ಕೆ ಉತ್ತರ ಈ ಮಾತಲ್ಲೇ ಇದೆ: ಬೌಲು, ತಿಕ್ಕಿ ತೊಳೆಯೋದು, ಅಳತೆ ಇಲ್ಲದ ಊಟ. ಪ್ರೀತಿ ಕಮ್ಮಿ ಆಗಿ ಯಾರ ಮನೇಲೂ ಫೈಟರ್ ಸಾಯಲ್ಲ, ಕೆಲಸದ ಕ್ರಮ ತಪ್ಪಿ ಸಾಯತ್ತೆ.

ಎಲ್ರೂ ಮೊದಲು ಮೀನು ತರ್ತಾರೆ, ಆಮೇಲೆ ಪಾತ್ರೆ ಹುಡುಕ್ತಾರೆ, ಆಮೇಲೆ ನೀರಿನ ಬಗ್ಗೆ ಯೋಚನೆ, ಕೊನೆಗೆ ಮೀನು ಮಂಕಾದಾಗ ಅಂಗಡಿಗೆ ಹೋಗಿ ಔಷಧಿ. ಇದನ್ನ ಪೂರ್ತಿ ತಲೆಕೆಳಗು ಮಾಡ್ಬೇಕು. ಮೊದಲು ಟ್ಯಾಂಕ್, ಆಮೇಲೆ ನೀರು, ಆಮೇಲೆ ಗಲೀಜನ್ನ ಅರಗಿಸೋ ಒಳ್ಳೇ ಬ್ಯಾಕ್ಟೀರಿಯಾ, ಅದಾದ್ಮೇಲೆ ಮೀನು. ಚೆನ್ನಾಗಿ ನೋಡ್ಕೊಂಡ್ರೆ ಈ ಮೀನು 3ರಿಂದ 5 ವರ್ಷ ಬದುಕತ್ತೆ, ಅಷ್ಟು ವರ್ಷ ಬದುಕೋ ಜೀವಕ್ಕೆ ಒಂದು ತಿಂಗಳ ತಯಾರಿ ಜಾಸ್ತಿ ಏನಲ್ಲ.

ಶುರು ಮಾಡೋಕೆ ಮುಂಚೆ ಕೈಯಲ್ಲಿ ಇರ್ಬೇಕಾದ್ದು

20 ಲೀಟರಿನ ಗಾಜಿನ ಟ್ಯಾಂಕ್, ಅದಕ್ಕೆ ಮುಚ್ಚಳ, ಸ್ಪಂಜ್ ಫಿಲ್ಟರ್ ಮತ್ತೆ ಸಣ್ಣ ಏರ್ ಪಂಪ್, 25 ವ್ಯಾಟಿನ ಥರ್ಮೋಸ್ಟಾಟ್ ಇರೋ ಹೀಟರ್, ಥರ್ಮಾಮೀಟರ್, ಕ್ಲೋರಿನ್ ತೆಗೆಯೋ ದ್ರಾವಣ, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರನ್ನೂ ನೋಡೋ ಟೆಸ್ಟ್ ಕಿಟ್, ತಳದ ಕೊಳೆ, ನೀರು ಎಳೆದು ತೆಗೆಯೋ ಸೈಫನ್ ಪೈಪು, ಮೀನಿಗೆ ಅಂತಲೇ ಎತ್ತಿಟ್ಟ ಒಂದು ಬಕೆಟ್ಟು. ಆ ಬಕೆಟ್ಟಲ್ಲಿ ಬಟ್ಟೆ ನೆನೆಹಾಕಬೇಡಿ, ನೆಲ ಒರೆಸಬೇಡಿ, ಸೋಪಿನ ವಾಸನೆ ಕೂಡ ತಾಕಬಾರದು. ದುಡ್ಡು ಉಳಿಸ್ಬೇಕು ಅಂದ್ರೆ ಬಣ್ಣದ ಕಲ್ಲು, ಗೊಂಬೆ, ಕೋಟೆ, ಎಲ್‌ಇಡಿ ಲೈಟು ಇವನ್ನೆಲ್ಲ ಬಿಟ್ಟುಬಿಡಿ, ಟೆಸ್ಟ್ ಕಿಟ್ ಮಾತ್ರ ಬಿಡಬೇಡಿ. ನೀರು ಕಣ್ಣಿಗೆ ತಿಳಿಯಾಗಿ ಕಾಣೋದಕ್ಕೂ ಅದು ಮೀನಿಗೆ ಒಳ್ಳೇದಾಗಿರೋದಕ್ಕೂ ಸಂಬಂಧ ಇಲ್ಲ, ಮೀನಿನ ಗಲೀಜಿಂದ ನೀರಿಗೆ ಸೇರೋ ಅಮೋನಿಯಾ ಅನ್ನೋ ವಿಷಕ್ಕೆ ಬಣ್ಣ ಇಲ್ಲ.

ಹಂತ 1: ಟ್ಯಾಂಕ್ ಮತ್ತೆ ಜಾಗ

ಮೊದಲ ತಪ್ಪು ಕಲ್ಪನೆ ಇಲ್ಲೇ ಶುರು ಆಗತ್ತೆ. "ಇದು ಕಾಡಲ್ಲಿ ಕೊಚ್ಚೆ ಗುಂಡೀಲಿ ಬದುಕೋ ಮೀನು, ಲೋಟದಲ್ಲಿಟ್ರೂ ಇರತ್ತೆ" ಅಂತ ಅಂಗಡೀಲಿ ಹೇಳ್ತಾರೆ, ಅಲ್ಲಿ ಸಾಲಾಗಿ ಪ್ಲಾಸ್ಟಿಕ್ ಡಬ್ಬೀಲಿ ಇಟ್ಟಿರೋದನ್ನ ನೋಡಿದ್ರೆ ನಿಜ ಅನ್ಸತ್ತೆ. ಇದರ ಮೂಲ ಥಾಯ್ಲೆಂಡ್, ಅಲ್ಲಿನ ಚಾವೊ ಫ್ರಯಾ ನದಿ ಬಯಲಿನ ಭತ್ತದ ಗದ್ದೆ, ಜೌಗು, ನಿಧಾನಕ್ಕೆ ಹರಿಯೋ ಕಾಲುವೆ. ನೀರು ಮೊಣಕಾಲುದ್ದ ಇರಬಹುದು, ಆದ್ರೆ ಅಗಲ ಎಕರೆಗಟ್ಟಲೆ. ಗದ್ದೆ ಕಂಡವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಇನ್ನೊಂದು, ಈ ಮೀನಿಗೆ ಕಿವಿರಿನ ಜೊತೆಗೆ ಲ್ಯಾಬಿರಿಂತ್ ಅನ್ನೋ ಅಂಗ ಇದೆ, ಮೇಲೆ ಬಂದು ನೇರವಾಗಿ ಗಾಳಿ ಗುಟುಕರಿಸತ್ತೆ. ಅದಕ್ಕೇ ಅಂಗಡಿ ಡಬ್ಬೀಲಿ ತಕ್ಷಣ ಸಾಯಲ್ಲ. ಉಸಿರುಗಟ್ಟಿ ಸಾಯಲ್ಲ ಅಂದ್ರೆ ಅಮೋನಿಯಾಗೂ ಸಾಯಲ್ಲ ಅಂತಲ್ಲ. ಒಂದು ಮೀನು ಒಂದು ದಿನಕ್ಕೆ ಹಾಕೋ ಗಲೀಜು 2 ಲೀಟರ್ ಬೌಲಲ್ಲಿ ಎಷ್ಟು ಗಾಢ ಆಗತ್ತೋ 20 ಲೀಟರಲ್ಲಿ ಅದರ ಹತ್ತನೇ ಒಂದು ಭಾಗ ಅಷ್ಟೆ.

ಎತ್ತರದ ಟ್ಯಾಂಕ್ ಬೇಡ, ಉದ್ದ ಜಾಸ್ತಿ ಇರೋದು ತಗೊಳ್ಳಿ, ಭಾರದ ಬಾಲ ಎಳ್ಕೊಂಡು ಪ್ರತಿ ಸಲ ಮೇಲೆ ಬರ್ಬೇಕಲ್ವಾ. ನೀರಿಗೂ ಮುಚ್ಚಳಕ್ಕೂ ಮಧ್ಯೆ ಮೂರ್ನಾಲ್ಕು ಸೆಂಟಿಮೀಟರ್ ಗಾಳಿ ಜಾಗ ಬಿಡಿ. ಮುಚ್ಚಳ ಎರಡು ಕಾರಣಕ್ಕೆ: ಫೈಟರ್ ಜೋರಾಗಿ ನೆಗೆಯತ್ತೆ, ಬೆಳಗ್ಗೆ ಎದ್ದಾಗ ನೆಲದ ಮೇಲೆ ಒಣಗಿ ಬಿದ್ದಿರತ್ತೆ, ಮತ್ತೆ ಅದು ಗುಟುಕರಿಸೋ ಗಾಳಿ ಬೆಚ್ಚಗೆ ತೇವವಾಗಿ ಇರ್ಬೇಕು.

ಕಿಟಕಿ ಬಿಸಿಲು ನೇರ ಬೀಳೋ ಕಡೆ, ಏಸಿ ಕೆಳಗೆ, ಅಡುಗೆಮನೆ ಒಗ್ಗರಣೆ ಹೊಗೆ ಬರೋ ಕಡೆ ಇಡಬೇಡಿ. ಇದಕ್ಕಿಂತ ಮುಖ್ಯವಾದದ್ದು ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕೋ ಲಿಕ್ವಿಡ್ಡು, ಜಿರಳೆ ಸ್ಪ್ರೇ. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಇರೋ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಮೀನಿಗೆ ಭಯಂಕರ ವಿಷ, ಸಾಲದ್ದಕ್ಕೆ ಏರ್ ಪಂಪು ರೂಮಿನ ಗಾಳೀನೇ ಎಳ್ಕೊಂಡು ನೀರಿಗೆ ತಳ್ಳತ್ತೆ. ರಾತ್ರಿ ಚೆನ್ನಾಗಿದ್ದ ಮೀನು ಬೆಳಗ್ಗೆ ಸತ್ತಿದೆ, ನೀರು ಟೆಸ್ಟ್ ಮಾಡಿದ್ರೆ ಎಲ್ಲ ಸರಿ ಇದೆ ಅಂದ್ರೆ ಮೊದಲು ಇದನ್ನೇ ಅನುಮಾನ ಪಡಿ. ಟ್ಯಾಂಕ್ ಇರೋ ರೂಮಲ್ಲಿ ಸೊಳ್ಳೆ ಪರದೆ ಕಟ್ಕೊಳ್ಳಿ, ಬತ್ತಿ ಬೇಡ.

ಟ್ಯಾಂಕ್ ತೊಳೆಯೋಕೆ ಬರೀ ನೀರು, ಕಲೆ ಇದ್ರೆ ವಿನೆಗರ್, ಪಾತ್ರೆ ಸೋಪು ಖಂಡಿತ ಬೇಡ. ತಳಕ್ಕೆ ಹಾಕೋ ಕಲ್ಲಿನ ಮೇಲೆ ಒಂದು ಹನಿ ನಿಂಬೆರಸ ಬಿಡಿ, ನೊರೆ ಬಂದ್ರೆ ಅದು ಸುಣ್ಣದ ಕಲ್ಲು, ನೀರನ್ನ ಗಡಸು ಮಾಡತ್ತೆ. ಮಾರ್ಬಲ್ ಚೂರು, ಸಮುದ್ರದ ಚಿಪ್ಪು ಇದೇ ಕಾರಣಕ್ಕೆ ಬೇಡ. ಪ್ಲಾಸ್ಟಿಕ್ ಗಿಡದ ಬದಲು ಅನುಬಿಯಾಸ್, ಜಾವಾ ಫರ್ನ್ ಹಾಕಿ, ಎರಡೂ ಕಮ್ಮಿ ಬೆಳಕಲ್ಲಿ ಬೆಳೆಯತ್ತೆ. ಮನಿ ಪ್ಲಾಂಟ್ ಇದ್ರೆ ಬೇರು ಮಾತ್ರ ನೀರಲ್ಲಿ ಬಿಟ್ಟು ಎಲೆ ಹೊರಗಿಡಿ. ಪ್ಲಾಸ್ಟಿಕ್ಕೇ ಹಾಕ್ತೀನಿ ಅನ್ನೋರು ಹಳೇ ನೈಲಾನ್ ಕಾಲುಚೀಲ ಅದರ ಮೇಲೆ ಎಳೆದು ನೋಡಿ, ದಾರ ಸಿಕ್ಕಿಕೊಂಡ್ರೆ ರೆಕ್ಕೆನೂ ಹರಿಯತ್ತೆ ಅಂತ ಲೆಕ್ಕ.

ಹಂತ 2: ನೀರು ಮತ್ತೆ ಬಿಸಿ

ನಿಮ್ಮ ನಲ್ಲೀಲಿ ಯಾವ ನೀರು ಬರತ್ತೆ ಅನ್ನೋದರ ಮೇಲೆ ಇಲ್ಲಿ ದಾರಿ ಬೇರೆ ಆಗತ್ತೆ.

ಕಾರ್ಪೊರೇಷನ್ ನೀರು (ಬೆಂಗಳೂರಲ್ಲಾದ್ರೆ ಕಾವೇರಿ ನೀರು) ಕ್ಲೋರಿನ್ ಹಾಕಿ ಬಿಡೋ ನೀರು. ಅದನ್ನ ಬಕೆಟ್ಟಲ್ಲಿ 24 ಗಂಟೆ ಬಾಯಿ ತೆರೆದಿಟ್ರೆ ಕ್ಲೋರಿನ್ ಹೋಗತ್ತೆ ಅನ್ನೋದು ನಿಜ, ಆದ್ರೆ ಕೆಲವು ಕಡೆ ಬಳಸೋ ಕ್ಲೋರಮೈನ್ (ಕ್ಲೋರಿನ್ನಿಗೆ ಅಮೋನಿಯಾ ಸೇರಿಸಿದ್ದು) ಹಾಗೆ ಹೋಗಲ್ಲ. ದ್ರಾವಣ ಹಾಕಿಬಿಟ್ರೆ ತಲೆನೋವಿಲ್ಲ. ಅಂಗಡೀಲಿ ಆಂಟಿ ಕ್ಲೋರಿನ್ ಅಂತ ಸಿಗೋದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್, ಕ್ಲೋರಿನ್ನಿಗೆ ಸಾಕು. ಸೀಕೆಮ್ ಪ್ರೈಮ್ ತರದ್ದು ಕ್ಲೋರಮೈನ್‌ಗೂ ಆಗತ್ತೆ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಆದ್ರೆ ಸಮಸ್ಯೆ ಬೇರೆ. ಗಡಸು ಜಾಸ್ತಿ, ಎಷ್ಟೋ ಕಡೆ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ) 8ರ ಹತ್ರ. ಫೈಟರ್‌ಗೆ 6.5ರಿಂದ 7.5 ಒಳ್ಳೇದು, ಆದ್ರೂ ನಿಧಾನಕ್ಕೆ ಒಗ್ಗಿಸಿದ್ರೆ 8ರಲ್ಲೂ ಬದುಕತ್ತೆ, ಪಿಎಚ್ ಏರಿಳಿತ ಆಗೋದು ಮಾತ್ರ ತಡ್ಕೊಳ್ಳಲ್ಲ. ಹಾಗಾಗಿ ಪಿಎಚ್ ಡೌನ್ ಬಾಟಲಿ ತಂದು ಸುರಿಯೋಕೆ ಹೋಗಬೇಡಿ. ಇಲ್ಲಿ ಒಂದು ವಿಷಯ ನೆನಪಿಡಿ, ಟೆಸ್ಟ್ ಕಿಟ್ಟಲ್ಲಿ ಅಷ್ಟೇ ಅಮೋನಿಯಾ ತೋರಿಸಿದ್ರೂ ಪಿಎಚ್ 7ರಲ್ಲಿ ಇರೋದಕ್ಕಿಂತ 8ರಲ್ಲಿ ಅದರ ವಿಷದ ರೂಪ ಸುಮಾರು ಹತ್ತು ಪಟ್ಟು ಜಾಸ್ತಿ. ಬೋರ್ ನೀರಿನ ಮನೆಯವರು ಊಟ, ಗಲೀಜು ವಿಷಯದಲ್ಲಿ ಇನ್ನೂ ಬಿಗಿಯಾಗಿರ್ಬೇಕು.

ಕುಡಿಯೋ ಆರ್‌ಒ ನೀರು ಶುದ್ಧ, ಅದನ್ನೇ ತುಂಬಿಸಿಬಿಡೋಣ ಅಂತ ಅನ್ಕೊಳ್ಳೋರು ಬಹಳ ಜನ. ಅದರಲ್ಲಿ ಖನಿಜ ಇಲ್ಲ, ಪಿಎಚ್ ಹಿಡಿದು ನಿಲ್ಲಿಸೋ ಶಕ್ತಿನೂ ಇಲ್ಲ, ಕೆಲವು ವಾರದಲ್ಲಿ ಪಿಎಚ್ ಧಡಕ್ಕನೆ ಬೀಳತ್ತೆ. ಬೋರ್ ನೀರು ತೀರಾ ಗಡಸಿದ್ರೆ ಅರ್ಧ ಬೋರ್, ಅರ್ಧ ಆರ್‌ಒ ಬೆರೆಸಿ, ಪ್ರತಿ ಸಲ ಅದೇ ಅಳತೆ.

ಇನ್ನು ಬಿಸಿ. ನೀರು 25ರಿಂದ 28 ಡಿಗ್ರಿ ಒಳಗೆ ಇರ್ಬೇಕು. "ನಮ್ಮದು ಬಿಸಿ ದೇಶ, ಹೀಟರ್ ಯಾಕೆ" ಅಂತಾರೆ. ಮಂಗಳೂರು, ಉಡುಪಿ, ಕಾರವಾರದವರಿಗೆ ವರ್ಷದ ಹೆಚ್ಚು ಭಾಗ ಬೇಕಾಗಲ್ಲ, ಒಪ್ತೀನಿ. ಬೆಂಗಳೂರು, ಮೈಸೂರು, ಹಾಸನ, ಚಿಕ್ಕಮಗಳೂರು, ಮಡಿಕೇರಿಯವರು ಡಿಸೆಂಬರ್ ಜನವರೀಲಿ ಬೆಳಗಿನ ಜಾವ ಥರ್ಮಾಮೀಟರ್ ಹಾಕಿ ನೋಡಿ, ಎಷ್ಟೋ ಮನೇಲಿ ನೀರು 20, 21ಕ್ಕೆ ಇಳಿದಿರತ್ತೆ. ಮಳೆಗಾಲದಲ್ಲೂ ಅಷ್ಟೆ. ತಣ್ಣನೆ ನೀರಲ್ಲಿ ಮೀನು ಮೂಲೇಲಿ ಸುಮ್ನೆ ಕೂರತ್ತೆ, ತಿಂದಿದ್ದು ಜೀರ್ಣ ಆಗಲ್ಲ, ಹೊಟ್ಟೆ ಉಬ್ಬತ್ತೆ, ನಾವು ಊಟ ಸರಿ ಇಲ್ಲ ಅಂತ ಊಟ ಬದಲಾಯಿಸ್ತೀವಿ.

20 ಲೀಟರಿಗೆ 25 ವ್ಯಾಟ್ ಸಾಕು, 100 ವ್ಯಾಟ್ ತಂದು ಅದು ಆಫ್ ಆಗದೆ ಕೆಟ್ಟು ನಿಂತ್ರೆ ಮೀನು ಬೆಂದೇ ಹೋಗತ್ತೆ. ನೀರು ತೆಗೆಯೋಕೆ ಮುಂಚೆ ಹೀಟರ್ ಸ್ವಿಚ್ ಆಫ್ ಮಾಡಿ ಹದಿನೈದು ನಿಮಿಷ ಬಿಡಿ, ಇಲ್ಲಾಂದ್ರೆ ಗಾಜು ಒಡೆಯತ್ತೆ. ವೈರು ಪ್ಲಗ್ಗಿಗಿಂತ ಕೆಳಗೆ ಒಂದು ಸುತ್ತು ಜೋತು ಬಿದ್ದು ಆಮೇಲೆ ಮೇಲೆ ಹೋಗೋ ಹಾಗೆ ಹಾಕಿ, ನೀರು ಹನಿ ಪ್ಲಗ್ಗಿಗೆ ಇಳಿಯಬಾರದು.

ಹಂತ 3: ಮೀನಿಲ್ಲದೆ ಟ್ಯಾಂಕ್ ಓಡಿಸೋದು

ಎಲ್ರೂ ಹಾರಿಸೋ ಹಂತ ಇದು, ಹೆಚ್ಚು ಮೀನು ಸಾಯೋದೂ ಇದನ್ನ ಹಾರಿಸಿದ್ದಕ್ಕೇ.

ಮೀನಿನ ಮಲ, ಉಳಿದ ಊಟ, ಕಿವಿರಿಂದ ಬರೋದು ಎಲ್ಲ ಸೇರಿ ನೀರಲ್ಲಿ ಅಮೋನಿಯಾ ಆಗತ್ತೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡತ್ತೆ, ಅದೂ ವಿಷವೇ. ಇನ್ನೊಂದು ಜಾತಿ ನೈಟ್ರೈಟನ್ನ ನೈಟ್ರೇಟ್ ಮಾಡತ್ತೆ, ಅದರ ವಿಷ ಬಹಳ ಕಮ್ಮಿ, ನೀರು ಬದಲಾಯಿಸಿದ್ರೆ ಹೋಗತ್ತೆ. ಈ ಎರಡೂ ಬ್ಯಾಕ್ಟೀರಿಯಾ ಹೊಸ ಟ್ಯಾಂಕಲ್ಲಿ ಇರಲ್ಲ, ಬೆಳೆಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಬೆಳೆಯೋದು ಮುಖ್ಯವಾಗಿ ಫಿಲ್ಟರ್ ಸ್ಪಂಜಿನಲ್ಲಿ. ಮೊಸರಿಗೆ ಹೆಪ್ಪು ಹಾಕಿ ಕಾಯೋ ಹಾಗೇ ಇದು, ಅವಸರ ಮಾಡಿದ್ರೆ ಆಗಲ್ಲ.

ಮಾಡೋ ಕ್ರಮ: ಕ್ಲೋರಿನ್ ತೆಗೆದ ನೀರು ತುಂಬಿ, ಫಿಲ್ಟರ್, ಹೀಟರ್ ಆನ್ ಮಾಡಿ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಅದು ಕೊಳೆತು ಅಮೋನಿಯಾ ಕೊಡತ್ತೆ. ಮೂರ್ನಾಲ್ಕು ದಿನಕ್ಕೊಂದ್ಸಲ ಟೆಸ್ಟ್ ಮಾಡಿ. ಮೊದಲು ಅಮೋನಿಯಾ ಏರತ್ತೆ, ಆಮೇಲೆ ಅದು ಇಳೀತಾ ನೈಟ್ರೈಟ್ ಏರತ್ತೆ, ಕೊನೆಗೆ ನೈಟ್ರೈಟೂ ಇಳಿದು ನೈಟ್ರೇಟ್ ಕಾಣ್ಸತ್ತೆ. ದಿನಾ ಆಹಾರ ಹಾಕ್ತಿದ್ರೂ ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ ಸ್ವಲ್ಪ, ಈ ಮೂರೂ ಒಂದು ವಾರ ಹಾಗೇ ನಿಂತ್ರೆ ಟ್ಯಾಂಕ್ ತಯಾರು. ಆಗ ತಳದ ಕೊಳೆ ಎಳೆದು ಅರ್ಧ ನೀರು ಬದಲಾಯಿಸಿ.

ಮಧ್ಯದಲ್ಲಿ ನೀರು ಹಾಲಿನ ತರ ಮಬ್ಬಾದ್ರೆ ಗಾಬರಿಯಾಗಿ ಎಲ್ಲ ಚೆಲ್ಲಬೇಡಿ, ತಾನೇ ತಿಳಿಯಾಗತ್ತೆ. ಬೇಗ ಆಗ್ಬೇಕಾ? ಗೊತ್ತಿರೋರ ಮನೇಲಿ ರೋಗ ಇಲ್ಲದ ಹಳೇ ಟ್ಯಾಂಕ್ ಇದ್ರೆ ಅವರ ಫಿಲ್ಟರಿನ ಸ್ಪಂಜ್ ತುಂಡು ತಂದು, ದಾರೀಲಿ ಒಣಗಿಸದೆ, ನಿಮ್ಮ ಫಿಲ್ಟರಿಗೆ ಸೇರಿಸಿ. ಅವರ ಟ್ಯಾಂಕಿನ ನೀರು ತಂದ್ರೆ ಉಪಯೋಗ ಇಲ್ಲ, ಬ್ಯಾಕ್ಟೀರಿಯಾ ಅಂಟಿಕೊಂಡಿರೋದು ಸ್ಪಂಜಿಗೆ, ನೀರಲ್ಲಲ್ಲ.

ಫೈಟರ್‌ಗೆ ಫಿಲ್ಟರೇ ಬೇಡ ಅನ್ನೋ ಮಾತು ಇದೆಯಲ್ಲ, ಅದು ಹುಟ್ಟಿದ್ದು ಜೋರಾಗಿ ನೀರು ತಳ್ಳೋ ಪವರ್ ಫಿಲ್ಟರಿಂದ. ಹಾಫ್‌ಮೂನ್ ಅನ್ನೋ ಉದ್ದ ಬಾಲದ ಫೈಟರ್ ಆ ರಭಸದಲ್ಲಿ ಈಜೋಕಾಗದೆ ಸುಸ್ತಾಗತ್ತೆ. ಸ್ಪಂಜ್ ಫಿಲ್ಟರ್ ಹಾಕಿ ಗಾಳಿ ಕಮ್ಮಿ ಇಟ್ರೆ ಆ ಪ್ರಶ್ನೆನೇ ಇಲ್ಲ.

ಈಗಾಗಲೇ ಮೀನು ತಂದಾಗಿದ್ರೆ ಬೇಜಾರು ಮಾಡ್ಕೋಬೇಡಿ, ಮೀನಿಟ್ಕೊಂಡೇ ಮಾಡಬಹುದು, ಕೆಲಸ ಜಾಸ್ತಿ. ದೊಡ್ಡ ಟ್ಯಾಂಕಿಗೆ ಬದಲಾಯಿಸಿ, ಊಟ ದಿನಕ್ಕೆ ಒಂದೇ ಹೊತ್ತು ಮೀನಿನ ಆಹಾರದ ಎರಡು ಕಾಳಿಗೆ ಇಳಿಸಿ, ದಿನಾ ಟೆಸ್ಟ್ ಮಾಡಿ, ಕಿಟ್ಟಲ್ಲಿ ಅಮೋನಿಯಾ ಅಥವಾ ನೈಟ್ರೈಟ್ 0.25 ಪಿಪಿಎಂ ದಾಟಿದ ದಿನ ಕಾಲು ಭಾಗದಿಂದ ಅರ್ಧದವರೆಗೆ ನೀರು ಬದಲಾಯಿಸಿ. ಐದಾರು ವಾರ ಹೀಗೇ.

ಹಂತ 4: ಮೀನು ತರೋದು, ಬಿಡೋದು

ಅಂಗಡೀಲಿ ಬಣ್ಣ ನೋಡಿ ಮರುಳಾಗಬೇಡಿ. ಡಬ್ಬಿ ಹತ್ರ ಬೆರಳು ಆಡಿಸಿ, ತಿರುಗಿ ನೋಡ್ಬೇಕು, ಕಿವಿರು ಬಿಚ್ಚಿ ರೇಗಬೇಕು. ರೆಕ್ಕೆ ಮುದುಡಿಕೊಂಡಿರೋದು, ಒಂದು ಕಡೆ ವಾಲಿರೋದು, ಹೊಟ್ಟೆ ಒಳಕ್ಕೆ ಹೋಗಿರೋದು ಬೇಡ. ಪಾಪ ಅಂತ ಸಾಯೋ ಮೀನು ತರೋರಿದ್ದಾರೆ, ಮನಸ್ಸು ಒಳ್ಳೇದೇ, ಆದ್ರೆ ಮೊದಲ ಮೀನಾಗಿ ಅದು ಬೇಡ. ಇವು ಎಷ್ಟೋ ಸಲ ಚೆನ್ನೈನ ಕೊಳತ್ತೂರಿಂದಲೋ ಇನ್ನೆಲ್ಲಿಂದಲೋ ಸಣ್ಣ ಪ್ಯಾಕೆಟ್ಟಲ್ಲಿ ಪ್ರಯಾಣ ಮಾಡಿ ಬಂದಿರ್ತಾವೆ, ಅಂಗಡಿಗೆ ಬಂದು ಕೆಲವು ದಿನ ಆಗಿ ಊಟ ತಿಂತಿರೋದನ್ನ ಕೇಳಿ ತಗೊಳ್ಳಿ.

ಮನೆಗೆ ಬಂದ್ಮೇಲೆ ಕಟ್ಟಿರೋ ಪ್ಯಾಕೆಟ್ಟನ್ನೇ ಟ್ಯಾಂಕ್ ನೀರಲ್ಲಿ 15, 20 ನಿಮಿಷ ತೇಲಿಬಿಡಿ. ಆಮೇಲೆ ಬಿಚ್ಚಿ, ಐದೈದು ನಿಮಿಷಕ್ಕೆ ಅರ್ಧ ಲೋಟ ಟ್ಯಾಂಕ್ ನೀರು ಸೇರಿಸ್ತಾ ಹೋಗಿ, ಕೊನೆಗೆ ಬಲೇಲಿ ಮೀನು ಮಾತ್ರ ಟ್ಯಾಂಕಿಗೆ ಬಿಟ್ಟು ಪ್ಯಾಕೆಟ್ ನೀರು ಚೆಲ್ಲಿ. ಆ ದಿನ ಲೈಟ್ ಬೇಡ, ಊಟ ಬೇಡ. ಎರಡು ಮೂರು ದಿನ ತಿನ್ನದೇ ಇದ್ರೂ ಪರವಾಗಿಲ್ಲ.

ಹಂತ 5: ಊಟ

ಈ ಮೀನು ಕಾಡಲ್ಲಿ ತಿನ್ನೋದು ಸೊಳ್ಳೆ ಮರಿ, ನೀರಿಗೆ ಬಿದ್ದ ಸಣ್ಣ ಹುಳ, ನೀರಲ್ಲಿರೋ ಪುಟ್ಟ ಸಿಗಡಿ ಜಾತಿಯ ಜೀವಿ. ಅಪ್ಪಟ ಮಾಂಸಾಹಾರಿ. ಇದನ್ನ ಒಪ್ಕೊಂಡ್ರೆ ಅರ್ಧ ತಪ್ಪು ಕಲ್ಪನೆ ತಾನೇ ಬಿದ್ದುಹೋಗತ್ತೆ. ಅನ್ನದ ಅಗುಳು, ಬ್ರೆಡ್, ಬಿಸ್ಕತ್ ಪುಡಿ, ಇಡ್ಲಿ ಚೂರು ಯಾವುದೂ ಬೇಡ, ಕೆರೆ ಮೀನಿಗೆ ಮಂಡಕ್ಕಿ ಎಸೆದು ಅಭ್ಯಾಸ ಆದ ಮನೆಯ ಹಿರಿಯರಿಗೆ ಸಮಾಧಾನವಾಗಿ ಕೂರಿಸಿ ಹೇಳಿ. ಹೂದಾನೀಲಿ ಗಿಡ ಇಟ್ಟು ಕೆಳಗೆ ಫೈಟರ್ ಬಿಟ್ಟು ಬೇರು ತಿಂದ್ಕೊಂಡು ಇರತ್ತೆ ಅಂತ ಮಾರ್ತಾರಲ್ಲ, ಅದು ಉಪವಾಸ ಬಿದ್ದು ಸಾಯೋ ಮೀನು, ಗತಿ ಇಲ್ಲದೆ ಬೇರು ಕಚ್ಚತ್ತೆ ಅಷ್ಟೆ.

ದಿನದ ಊಟಕ್ಕೆ ಬೆಟ್ಟಾ ಪೆಲೆಟ್, ಅಂದ್ರೆ ಸಣ್ಣ ಕಾಳಿನ ತರದ ಆಹಾರ. ಡಬ್ಬಿ ಹಿಂದೆ ತಿರುಗಿಸಿ ಓದಿ, ಮೊದಲ ಎರಡು ಮೂರು ಹೆಸರು ಫಿಶ್ ಮೀಲ್, ಕ್ರಿಲ್, ಶ್ರಿಂಪ್, ಹುಳ ಇಂಥವು ಆಗಿರ್ಬೇಕು, ಗೋಧಿ, ಸೋಯಾ, ಅಕ್ಕಿ ಹಿಟ್ಟೇ ಮೊದಲು ಬಂದ್ರೆ ವಾಪಸ್ ಇಡಿ. ಪ್ರೋಟೀನ್ 40 ಪರ್ಸೆಂಟ್ ಅಥವಾ ಮೇಲೆ. ಪಾಲಿಥಿನ್ ಪ್ಯಾಕೆಟ್ಟಲ್ಲಿ ಬಿಡಿಬಿಡಿಯಾಗಿ ಕೊಡೋ ಕೆಂಪು ಹಸಿರು ಕಾಳಿಗೆ ತಾರೀಖೂ ಇಲ್ಲ, ಒಳಗೇನಿದೆ ಅಂತಾನೂ ಗೊತ್ತಿಲ್ಲ. ತೆರೆದ ಡಬ್ಬಿ ಆರು ತಿಂಗಳಲ್ಲಿ ಮುಗಿಸಿ, ಟ್ಯಾಂಕ್ ಮುಚ್ಚಳದ ಮೇಲೆ ಇಡಬೇಡಿ, ಬಿಸಿಗೂ ತೇವಕ್ಕೂ ಕೆಡತ್ತೆ.

ಅಳತೆ: ಬೆಳೆದ ಮೀನಿಗೆ ಸುಮಾರು 1 ಮಿಲಿಮೀಟರ್ ಕಾಳು ಬೆಳಗ್ಗೆ ಮೂರು, ಸಂಜೆ ಮೂರು. ಒಂದೊಂದೇ ಹಾಕಿ, ಒಂದು ನುಂಗಿದ್ಮೇಲೆ ಇನ್ನೊಂದು. ವಾರಕ್ಕೆ ಒಂದು ದಿನ ಉಪವಾಸ. ಇದು ಕಮ್ಮಿ ಆಯ್ತು ಅಂತ ಹೊಟ್ಟೆ ಉರಿಯತ್ತೆ ಅಲ್ವಾ, ಟ್ಯಾಂಕ್ ಹತ್ರ ಹೋದ್ರೆ ಸಾಕು ಮೀನು ಗಾಜಿಗೆ ಮೂತಿ ಒತ್ತಿ ಕುಣಿಯತ್ತೆ, ಹಸಿವು ಅಂತ ಮತ್ತೆ ಹಾಕ್ತೀವಿ, ಮಕ್ಕಳು ಸ್ಕೂಲಿಂದ ಬಂದು ಹಾಕ್ತಾರೆ, ಅಜ್ಜಿ ಮಧ್ಯಾಹ್ನ ಹಾಕಿರ್ತಾರೆ. ಊಟ ಸಿಕ್ಕಿದಾಗೆಲ್ಲ ತಿನ್ನೋದು ಈ ಮೀನಿನ ಸ್ವಭಾವ, ಕುಣಿಯೋದನ್ನ ಹಸಿವಿನ ಅಳತೆ ಮಾಡ್ಕೋಬೇಡಿ. ಒಂದು ಉಪಾಯ ಇದೆ: ವಾರದ ಕಾಳು ಎಣಿಸಿ ಮಾತ್ರೆ ಡಬ್ಬೀಲಿ ದಿನದ ಖಾನೆಗೆ ಹಾಕಿಡಿ, ಖಾನೆ ಖಾಲಿ ಅಂದ್ರೆ ಯಾರೋ ಹಾಕಿದ್ದಾರೆ ಅಂತ. ಉಳಿದು ತಳಕ್ಕೆ ಬಿದ್ದಿದ್ದನ್ನ ಹತ್ತು ನಿಮಿಷದೊಳಗೆ ತೆಗೀರಿ, ಬಿಟ್ರೆ ಅದೇ ಅಮೋನಿಯಾ. ಜಾಸ್ತಿ ಊಟ ಹಾಕೋದು ಅಂದ್ರೆ ನೀರು ಕೆಡಿಸೋದು ಅಂತಲೇ ಅರ್ಥ, ಎರಡು ಬೇರೆ ಬೇರೆ ಸಮಸ್ಯೆ ಅಲ್ಲ.

ವಾರಕ್ಕೆ ಎರಡು ದಿನ ಪೆಲೆಟ್ ಬದಲು ಫ್ರೋಜನ್ ಬ್ಲಡ್‌ವರ್ಮ್ (ಕೆಂಪು ಹುಳ), ಆರ್ಟೀಮಿಯಾ ಅಥವಾ ಡಾಫ್ನಿಯಾ (ಎರಡೂ ಸಿಗಡಿ ಜಾತಿಯ ಪುಟ್ಟ ಜೀವಿ) ಕೊಡಿ. ಫ್ರೋಜನ್ ತುಂಡಿನ ಸಣ್ಣ ಚೂರು ಕತ್ತರಿಸಿ ಲೋಟದಲ್ಲಿ ಕರಗಿಸಿ, ಆ ನೀರು ಸೋಸಿ ಚೆಲ್ಲಿ, ಮೂರ್ನಾಲ್ಕು ಹುಳ ಸಾಕು. ಒಣಗಿಸಿದ ಹುಳ ಆದ್ರೆ ಹತ್ತು ನಿಮಿಷ ನೆನೆಸಲೇಬೇಕು, ಇಲ್ಲಾಂದ್ರೆ ಹೊಟ್ಟೇಲಿ ಊದತ್ತೆ. ಬರೀ ಬ್ಲಡ್‌ವರ್ಮ್ ಹಾಕಿ ಸಾಕ್ತೀನಿ ಅನ್ನೋದು ಬೇಡ, ರುಚಿ ಹತ್ತಿ ಪೆಲೆಟ್ ಮುಟ್ಟಲ್ಲ. ಕೆಲವರಿಗೆ ಬ್ಲಡ್‌ವರ್ಮ್ ಮುಟ್ಟಿದ್ರೆ ಅಲರ್ಜಿ ಆಗತ್ತೆ, ಚಿಮಟ ಬಳಸಿ. ಚರಂಡಿಯಿಂದ ಹಿಡಿದು ತರೋ ಜೀವಂತ ಟ್ಯೂಬಿಫೆಕ್ಸ್ ಬೇಡವೇ ಬೇಡ, ಹುಳದ ಜೊತೆ ರೋಗವೂ ಬರತ್ತೆ.

ಸೊಳ್ಳೆ ಮರಿ ಇದಕ್ಕೆ ತುಂಬಾ ಒಳ್ಳೇ ಊಟ, ಆದ್ರೆ ಅದಕ್ಕೋಸ್ಕರ ಮನೆ ಹಿಂದೆ ಬಕೆಟ್ಟಲ್ಲಿ ನೀರು ನಿಲ್ಸೋದು ನಾನು ಒಪ್ಪಲ್ಲ. ಡೆಂಗಿ ಹರಡೋ ಈಡಿಸ್ ಸೊಳ್ಳೆ ಮೊಟ್ಟೆ ಇಡೋದೇ ಅಂಥ ತಿಳಿ ನೀರಲ್ಲಿ, ಒಂದು ವಾರ ಹತ್ತು ದಿನ ಮರೆತ್ರೆ ಮರಿ ಸೊಳ್ಳೆ ಆಗಿ ಹಾರಿರತ್ತೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ ಸೊಳ್ಳೆ ಬೆಳೆಯೋ ಹಾಗೆ ನೀರು ನಿಲ್ಸಿದ್ರೆ ದಂಡ ಅಂತಾನೂ ಮಾಡಿದೆ. ಮಳೆಗಾಲದಲ್ಲಿ ಹೂಕುಂಡದ ತಟ್ಟೇಲಿ ತಾನಾಗೇ ಸಿಕ್ಕಿದ್ರೆ ಟೀ ಸೋಸೋ ಜಾಲರೀಲಿ ಹಿಡಿದು ತೊಳೆದು ಮೀನಿಗೆ ಹಾಕಿ, ತಟ್ಟೆ ಕವುಚಿಬಿಡಿ.

ಮಲಬದ್ಧತೆಗೆ ಬೇಯಿಸಿದ ಬಟಾಣಿ ಕೊಡಿ ಅನ್ನೋ ಸಲಹೆ ಎಲ್ಲ ಕಡೆ ಓಡಾಡತ್ತೆ. ಅದು ಗೋಲ್ಡ್ ಫಿಶ್‌ಗೆ ಸರಿ. ಫೈಟರ್‌ಗೆ ಎರಡು ದಿನ ಉಪವಾಸ, ನೀರು 27, 28 ಡಿಗ್ರಿ, ಮೂರನೇ ದಿನ ಡಾಫ್ನಿಯಾ, ಅದರ ಸಿಪ್ಪೆನೇ ಹೊಟ್ಟೆ ಸಡಿಲ ಮಾಡತ್ತೆ.

ಕಾಳು ಬಾಯಿಗೆ ಹಾಕ್ಕೊಂಡು ಉಗೀತಿದ್ರೆ ದೊಡ್ಡದಾಗಿದೆ ಅಂತ ಅರ್ಥ, ಬೆರಳಲ್ಲಿ ಒಡೆದು ಹಾಕಿ. ಚೆನ್ನಾಗಿ ತಿಂತಿದ್ದ ಮೀನು ಇದ್ದಕ್ಕಿದ್ದ ಹಾಗೆ ಬಿಟ್ರೆ ಊಟ ಬದಲಾಯಿಸೋ ಮುಂಚೆ ಥರ್ಮಾಮೀಟರ್ ನೋಡಿ, ಆಮೇಲೆ ಅಮೋನಿಯಾ ಟೆಸ್ಟ್.

ಹಂತ 6: ವಾರದ ಕೆಲಸ

ವಾರಕ್ಕೊಂದ್ಸಲ ಕಾಲು ಭಾಗ ನೀರು, ಅಷ್ಟೆ. ಮೀನು ಒಳಗೇ ಇರ್ಲಿ. ಹೀಟರ್ ಆಫ್ ಮಾಡಿ, ಸೈಫನ್ ಪೈಪಲ್ಲಿ ತಳದ ಕೊಳೆ ಎಳೀರಿ, ಹೊಸ ನೀರಿಗೆ ಕ್ಲೋರಿನ್ ದ್ರಾವಣ ಹಾಕಿ, ಸ್ವಲ್ಪ ಬಿಸಿನೀರು ಬೆರೆಸಿ ಟ್ಯಾಂಕಿನಷ್ಟೇ ಬಿಸಿ ಮಾಡ್ಕೊಂಡು, ಮಗ್ಗಲ್ಲಿ ನಿಧಾನಕ್ಕೆ ಸುರೀರಿ. ಕೈಗೆ ಸ್ಯಾನಿಟೈಸರ್, ಕ್ರೀಮು, ಎಣ್ಣೆ ಇರಬಾರದು. ತಿಂಗಳಿಗೊಂದ್ಸಲ ಫಿಲ್ಟರ್ ಸ್ಪಂಜನ್ನ ಟ್ಯಾಂಕಿಂದ ತೆಗೆದ ಹಳೇ ನೀರಲ್ಲೇ ಹಿಂಡಿ. ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗೋ ತನಕ ತೊಳೆದ್ರೆ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸತ್ತು ಹಂತ 3ರಿಂದ ಮತ್ತೆ ಶುರು. ಎಲ್ಲ ಖಾಲಿ ಮಾಡಿ ಕಲ್ಲು ತಿಕ್ಕಿ ಹೊಸದಾಗಿ ತುಂಬಿಸೋದು ಮೀನಿಗೆ ಕೊಡೋ ದೊಡ್ಡ ಪೆಟ್ಟು, ಕ್ಲೀನ್ ಮಾಡಿದ ಮಾರನೇ ದಿನ ಮೀನು ಸತ್ತಿತು ಅನ್ನೋರು ಬಹಳ ಜನ ಇದನ್ನೇ ಮಾಡಿರ್ತಾರೆ.

ಲೈಟ್ ಹಾಕಿದ್ರೆ ದಿನಕ್ಕೆ 8 ಗಂಟೆ, ರಾತ್ರಿ ಕತ್ತಲೆ. ಮೀನಿಗೂ ನಿದ್ದೆ ಬೇಕು, ಎಲೆ ಮೇಲೆ ಒರಗಿ ಮಲಗಿದ್ರೆ ಸತ್ತೇಹೋಯ್ತು ಅಂತ ಅಲ್ಲಾಡಿಸಬೇಡಿ.

ಉದುರಿ ಒಣಗಿದ ಕಾಡು ಬಾದಾಮಿ ಎಲೆ, ಸ್ಕೂಲ್ ಕಾಂಪೌಂಡು ಪಾರ್ಕು ಎಲ್ಲ ಕಡೆ ಇರೋ ಮರ ಅದು, ಚೆನ್ನಾಗಿ ತೊಳೆದು ಒಂದು ಹಾಕಬಹುದು. ನೀರು ಟೀ ಬಣ್ಣ ಆಗತ್ತೆ, ಪಿಎಚ್ ಸ್ವಲ್ಪ ಇಳಿಯತ್ತೆ, ಬ್ಯಾಕ್ಟೀರಿಯಾ ರೋಗಕ್ಕೆ ಒಂದಿಷ್ಟು ತಡೆ. ಆದ್ರೆ ನೀರು ಬದಲಾಯಿಸೋದಕ್ಕೆ ಅದು ಬದಲಿ ಅಲ್ಲ.

ಹಂತ 7: ಏನು ಕಂಡ್ರೆ ಎಚ್ಚರ ಆಗ್ಬೇಕು

ಯಾವ ಲಕ್ಷಣ ಕಂಡ್ರೂ ಔಷಧಿಗಿಂತ ಮುಂಚೆ ಟೆಸ್ಟ್ ಕಿಟ್, ಥರ್ಮಾಮೀಟರ್, ಕಾಲು ಭಾಗ ನೀರು ಬದಲಾವಣೆ. ಅರ್ಧಕ್ಕರ್ಧ ಇಷ್ಟರಲ್ಲೇ ಸರಿಹೋಗತ್ತೆ.

ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗೋದು ಸಹಜ. ಮೇಲೇ ನಿಂತು ಬಿಡದೆ ಬಾಯಿ ಬಡೀತಿದ್ರೆ, ಕಿವಿರು ಕೆಂಪಾಗಿದ್ರೆ ಅಮೋನಿಯಾ ಅಥವಾ ನೈಟ್ರೈಟ್, ತಕ್ಷಣ ಅರ್ಧ ನೀರು ಬದಲಾಯಿಸಿ.

ರೆಕ್ಕೆ ಅಂಚು ಕಪ್ಪಾಗಿ ಅಥವಾ ಕೆಂಪಾಗಿ ದಿನದಿಂದ ದಿನಕ್ಕೆ ಸವೀತಾ ಬಂದ್ರೆ ಫಿನ್ ರಾಟ್, ಅಂದ್ರೆ ರೆಕ್ಕೆ ಕೊಳೆಯೋ ರೋಗ. ಒಂದೇ ರಾತ್ರೀಲಿ ತುಂಡು ಹೋಗಿದ್ರೆ ತಾನೇ ಬಾಲ ಕಚ್ಕೊಂಡಿದೆ ಅಥವಾ ಏನಕ್ಕೋ ಸಿಕ್ಕಿ ಹರಿದಿದೆ. ಅಂಚಲ್ಲಿ ಗಾಜಿನ ತರ ಪಾರದರ್ಶಕವಾಗಿ ಕಂಡ್ರೆ ಅದು ಹೊಸದಾಗಿ ಬೆಳೀತಿರೋ ರೆಕ್ಕೆ, ಖುಷಿ ಪಡಿ.

ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬಂದ್ರೆ ಇಕ್, ಟಾರ್ಚ್ ಬಿಟ್ಟಾಗ ಚಿನ್ನದ ಪುಡಿ ಉದುರಿಸಿದ ಹಾಗೆ ಕಂಡ್ರೆ ವೆಲ್ವೆಟ್. ಎರಡೂ ಪರಾವಲಂಬಿ ಜೀವಿಯಿಂದ ಬರೋದು, ಎರಡಕ್ಕೂ ಅದಕ್ಕಂತಲೇ ಇರೋ ಔಷಧಿ ಬೇಕು.

ಹೊಟ್ಟೆ ಉಬ್ಬಿದೆ, ಮೇಲಿಂದ ನೋಡಿದ್ರೆ ಹುರುಪೆ ನಯವಾಗೇ ಇದೆ ಅಂದ್ರೆ ಊಟ ಜಾಸ್ತಿ ಆಗಿದ್ದು, ಉಪವಾಸ ಹಾಕಿ. ಹುರುಪೆ ಎಲ್ಲ ನಿಗುರಿ ಮೈ ಮುಳ್ಳುಮುಳ್ಳಾಗಿ ಕಂಡ್ರೆ ಡ್ರಾಪ್ಸಿ, ಒಳಗಿನ ಅಂಗ ಕೈಕೊಟ್ಟಿದೆ, ಉಳಿಯೋದು ತುಂಬಾ ಅಪರೂಪ, ಸುಳ್ಳು ಭರವಸೆ ಕೊಡಲ್ಲ.

ನೀರ ಮೇಲೆ ನೊರೆ ಗೂಡು ಕಟ್ಟಿದ್ರೆ ಗಂಡು ಪ್ರಾಯಕ್ಕೆ ಬಂದಿದೆ ಅಂತ, ಟ್ಯಾಂಕ್ ಸರಿ ಇದೆ ಅನ್ನೋ ಸರ್ಟಿಫಿಕೇಟ್ ಅದಲ್ಲ, ಕೆಟ್ಟ ನೀರಲ್ಲೂ ಕಟ್ಟತ್ತೆ.

ಅಂಗಡಿಯವ್ರು ಎಲ್ಲಾ ಕಾಯಿಲೆಗೂ ಕೊಡೋ ನೀಲಿ ಔಷಧಿ, ಮೆಥಿಲೀನ್ ಬ್ಲೂ, ಮೇನ್ ಟ್ಯಾಂಕಿಗೆ ಸುರಿದ್ರೆ ಫಿಲ್ಟರಿನ ಬ್ಯಾಕ್ಟೀರಿಯಾಗೂ ಪೆಟ್ಟು. ಮೆಡಿಕಲ್ ಶಾಪಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸುಲ್ ತಂದು ಬಿಚ್ಚಿ ಹಾಕೋದು, ಅರಿಶಿನ ಕಲಕೋದು ಬಿಡಿ. ಔಷಧಿ ಕೊಡ್ಲೇಬೇಕಾದ್ರೆ ಬೇರೆ ಡಬ್ಬೀಲಿ, ಬೆಚ್ಚಗೆ, ಒಂದು ಸಲಕ್ಕೆ ಒಂದೇ ಔಷಧಿ. ಫಿನ್ ರಾಟ್ ಶುರುವಲ್ಲಿ ಏನೂ ಬೆರೆಸದ ಕಲ್ಲುಪ್ಪು 4 ಲೀಟರಿಗೆ 1 ಟೀ ಚಮಚ, ಕರಗಿಸಿ ಹಾಕಿ, 10 ದಿನಕ್ಕಿಂತ ಜಾಸ್ತಿ ಬೇಡ. ದಿನಾ ಉಪ್ಪು ಇರ್ಬೇಕು ಅನ್ನೋದು ಸುಳ್ಳು, ಇದು ಸಿಹಿನೀರಿನ ಮೀನು.

ಹಂತ 8: ಜೊತೆಗೆ ಯಾರು

ಎರಡು ಗಂಡು ಒಂದು ಟ್ಯಾಂಕಲ್ಲಿ ಯಾವತ್ತೂ ಬೇಡ, ಗಂಡು ಹೆಣ್ಣು ಕೂಡ ಖಾಯಂ ಒಟ್ಟಿಗೆ ಬೇಡ. ಒಂಟಿಯಾಗಿದೆ, ಬೇಜಾರಾಗತ್ತೆ ಅಂತ ಜೋಡಿ ತರೋದು ನಮ್ಮ ಮನಸ್ಸಿನ ಸಮಾಧಾನಕ್ಕೆ, ಅದಕ್ಕೆ ಒಂಟಿಯಾಗಿರೋದೇ ಇಷ್ಟ. ಬಣ್ಣಬಣ್ಣದ ಬಾಲದ ಗಪ್ಪಿ ಕಂಡ್ರೆ ಇನ್ನೊಂದು ಫೈಟರ್ ಅಂತ ಹೊಡೆಯತ್ತೆ, ಟೈಗರ್ ಬಾರ್ಬ್ ಇದರ ಬಾಲ ಕಚ್ಚತ್ತೆ, ಗೋಲ್ಡ್ ಫಿಶ್‌ಗೆ ಬೇಕಾಗಿರೋದು ತಣ್ಣನೆ ನೀರು. 20 ಲೀಟರಲ್ಲಿ ಒಂದು ಬಸವನಹುಳ ಸಾಕು. ರೇಗಿ ರೆಕ್ಕೆ ಬಿಚ್ಚೋದನ್ನ ನೋಡೋಕೆ ಕನ್ನಡಿ ಇಡ್ತೀರಾ, ಎರಡು ಮೂರು ನಿಮಿಷ ಇಟ್ಟು ತೆಗೆದುಬಿಡಿ, ಅಲ್ಲೇ ಬಿಟ್ರೆ ದಿನವಿಡೀ ಹೆದರಿಕೆಯಲ್ಲೇ ಇರತ್ತೆ.

ಹಂತ 9: ಊರಿಗೆ ಹೋಗೋವಾಗ, ಕರೆಂಟ್ ಹೋದಾಗ

ಕರೆಂಟ್ ಎರಡು ಮೂರು ಗಂಟೆ ಹೋದ್ರೆ ಫೈಟರ್‌ಗೆ ಏನೂ ಆಗಲ್ಲ, ಗಾಳಿ ಕುಡಿಯತ್ತೆ. ಜಾಸ್ತಿ ಹೊತ್ತಾದ್ರೆ ಟ್ಯಾಂಕಿಗೆ ಕಂಬಳಿ ಸುತ್ತಿ, ಮೇಲೆ ಗಾಳಿ ಆಡೋಕೆ ಸ್ವಲ್ಪ ಬಿಡಿ, ಆ ದಿನ ಊಟ ಹಾಕಬೇಡಿ.

ಹಬ್ಬಕ್ಕೆ ನಾಲ್ಕೈದು ದಿನ ಊರಿಗೆ ಹೋಗ್ಬೇಕಾ, ಆರೋಗ್ಯವಾಗಿರೋ ಬೆಳೆದ ಮೀನು ಅಷ್ಟು ದಿನ ಉಪವಾಸ ಆರಾಮಾಗಿ ಇರತ್ತೆ. ಹೋಗೋ ಹಿಂದಿನ ದಿನ ನೀರು ಬದಲಾಯಿಸಿ, ಮುಚ್ಚಳ, ಹೀಟರ್ ಸರಿಯಾಗಿದ್ಯಾ ನೋಡಿ. ನೀರಲ್ಲಿ ಕರಗೋ ಊಟದ ಗಟ್ಟಿ, ಹಾಲಿಡೇ ಬ್ಲಾಕ್, ಹಾಕಬೇಡಿ, ಮೀನು ತಿನ್ನೋದು ಕಮ್ಮಿ, ನೀರು ಕೆಡೋದು ಜಾಸ್ತಿ. ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋದ್ರೆ ಪ್ರೀತಿಯಿಂದ ಮುಷ್ಟಿ ಹಾಕ್ತಾರೆ. ವಾರ ದಾಟತ್ತೆ ಅಂದ್ರೆ ಮಾತ್ರ ಎರಡು ದಿನಕ್ಕೊಂದು ಪೊಟ್ಟಣದ ಹಾಗೆ ಮೂರು ಮೂರು ಕಾಳು ಕಟ್ಟಿ, ಮೇಲೆ ತಾರೀಖು ಬರೆದು ಅವರಿಗೆ ಕೊಡಿ, ಡಬ್ಬಿ ಬೀರು ಒಳಗಿಡಿ. ವಾಪಸ್ ಬಂದ ದಿನ ಎರಡೇ ಕಾಳು, ಮಾರನೇ ದಿನ ಒಂದ್ಸಲ ಅಮೋನಿಯಾ ಟೆಸ್ಟ್ ಮಾಡಿ, 0 ಇದ್ರೆ ಮಾಮೂಲಿ ಊಟ.